ತಾರೀಖು ಕಾಣುವಂತೆ ಒಂದು ನೋಟಿಸು

ಅರವತ್ತಕ್ಕೆ ಅರಳುಮರುಳು ಎಂಬ ಮಾತು ನಮ್ಮಲ್ಲಿ ರೂಢಿಯಲ್ಲಿದೆ. ಅರವತ್ತಾರರ ವಯಸ್ಸಿನಲ್ಲಿ ನಾನು ಗ್ರಾಫಿಕ್ ವಿನ್ಯಾಸ ಕಲಿಯಲು ಕುಳಿತಾಗ ಮನೆಯವರಿಗೆ ಈ ಮಾತು ನೆನಪಾಗಿದ್ದರೆ ಆಶ್ಚರ್ಯವೇನೂ ಇಲ್ಲ. ಮೂವತ್ತನಾಲ್ಕು ವರ್ಷ ಸರ್ಕಾರಿ ಸೇವೆಯಲ್ಲಿದ್ದು, ಕಡತದ ಅಂಚು ಬಿಟ್ಟು ನೇರವಾಗಿ ಟಿಪ್ಪಣಿ ಬರೆಯುವುದೇ ಅಂದವೆಂದು ನಂಬಿದ್ದವನು ನಾನು. ಅಂಥವನು ಬಣ್ಣ, ಅಕ್ಷರದ ಗಾತ್ರ, ಖಾಲಿ ಜಾಗ ಎಂದು ತಲೆ ಕೆಡಿಸಿಕೊಳ್ಳುವ ಪ್ರಸಂಗ ಒದಗಿದ್ದು ನೀರಿನ ದೆಸೆಯಿಂದ.

2024ರ ಮಾರ್ಚ್ ತಿಂಗಳ ಬೆಂಗಳೂರನ್ನು ಓದುಗರು ಮರೆತಿರಲಾರರು. ಕೊಳವೆಬಾವಿಗಳು ಬತ್ತಿದ್ದವು, ಟ್ಯಾಂಕರ್‌ಗಳಿಗೆ ಜನ ರಾತ್ರಿಯೆಲ್ಲ ಕಾಯುತ್ತಿದ್ದರು. ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು, ಕೈತೋಟಕ್ಕೆ ಹಾಯಿಸುವುದನ್ನು ಜಲಮಂಡಳಿ ನಿಷೇಧಿಸಿ, ಉಲ್ಲಂಘಿಸಿದವರಿಗೆ 5 ಸಾವಿರ ರೂಪಾಯಿ ದಂಡ ಗೊತ್ತುಪಡಿಸಿತು. ನಾನಿರುವ ವಸತಿ ಸಮುಚ್ಚಯದ ಸಂಘವು ಕೂಡಲೇ ಒಂದು ನೋಟಿಸು ಹೊರಡಿಸಿತು. ಎರಡು ಪುಟದ ಸೊಗಸಾದ ಇಂಗ್ಲಿಷ್. ಅದು ನಿವಾಸಿಗಳ ವಾಟ್ಸ್‌ಆ್ಯಪ್ ಗುಂಪಿಗೆ ಹೋಯಿತು, ಲಿಫ್ಟಿನೊಳಗೂ ಅಂಟಿತು. ನಾಲ್ಕನೆಯ ದಿನ ಬೆಳಿಗ್ಗೆ, ಹತ್ತಾರು ಮನೆಗಳ ಕಾರು ತೊಳೆದು ಹೊಟ್ಟೆ ಹೊರೆಯುವ ಯಾದಗಿರಿ ಕಡೆಯ ಒಬ್ಬ ಹುಡುಗ ಬಕೆಟ್ಟಿನೊಂದಿಗೆ ಸಿಕ್ಕಿಬಿದ್ದ. ದಂಡ ಬಿದ್ದರೆ ಅದನ್ನು ಅವನ ದುಡಿಮೆಯಿಂದಲೇ ಮುರಿದುಕೊಳ್ಳಬೇಕೆಂದು ಪದಾಧಿಕಾರಿಗಳೊಬ್ಬರು ಗುಡುಗಿದರು. ಒಂದು ಕಾರಿಗೆ ತಿಂಗಳಿಗೆ ಕೆಲವು ನೂರು ರೂಪಾಯಿ ಪಡೆಯುವ ಹುಡುಗನಿಗೆ 5 ಸಾವಿರವೆಂದರೆ ಏನೆಂಬುದನ್ನು ವಿವರಿಸಬೇಕಿಲ್ಲ. ಅವನು ಕೇಳಿದ್ದು ಒಂದೇ ಪ್ರಶ್ನೆ: ‘ಹಂಗಂತ ಎಲ್ಲಿ ಬರದೈತ್ರಿ?’

ಲಿಫ್ಟಿನಲ್ಲಿ ಬರೆದಿತ್ತು. ಆದರೆ ಅವನಿಗೆ ಬಾರದ ಭಾಷೆಯಲ್ಲಿ, ಮತ್ತು ಕೆಲಸದವರು ಬಳಸಬಾರದೆಂದು ಸಂಘವೇ ನಿಯಮ ಮಾಡಿರುವ ಲಿಫ್ಟಿನಲ್ಲಿ.

ಕನ್ನಡದಲ್ಲಿ ನೋಟಿಸು ಮಾಡಿಕೊಡುವ ಹೊಣೆಯನ್ನು ನಾನು ಹೊತ್ತೆ. ಹಿಂದಾದರೆ ಇದಕ್ಕೊಂದು ಸಿದ್ಧ ದಾರಿಯಿತ್ತು. ಒಕ್ಕಣೆಯನ್ನು ಕೈಯಲ್ಲಿ ಬರೆದು ಡಿಟಿಪಿ ಅಂಗಡಿಗೆ ಕೊಟ್ಟರೆ ಸಂಜೆಯೊಳಗೆ ಅಚ್ಚುಕಟ್ಟಾದ ಹಾಳೆ ಕೈಗೆ ಬರುತ್ತಿತ್ತು. ನಮ್ಮ ಬೀದಿಯ ಡಿಟಿಪಿ ಅಂಗಡಿ ಈಗ ಮೊಬೈಲ್ ಕವಚ ಮಾರುವ ಮಳಿಗೆಯಾಗಿದೆ. ಪಕ್ಕದ ಮನೆಯ, ಕಾಲೇಜು ಓದುವ ಹುಡುಗಿ ನನ್ನ ಪರದಾಟ ಕಂಡು, ‘ಅಂಕಲ್, ಬ್ರೌಸರ್ ತೆರೆಯಿರಿ, ಅಲ್ಲೇ ಮಾಡಬಹುದು’ ಎಂದಳು. ಬ್ರೌಸರ್ ಎಂದರೆ ಪಿಂಚಣಿಯ ವಿವರ ನೋಡುವ, ರೈಲಿನ ಟಿಕೆಟ್ ಕಾಯ್ದಿರಿಸುವ ಕಿಟಕಿ ಎಂದಷ್ಟೇ ತಿಳಿದಿದ್ದ ನನಗೆ ಅಲ್ಲಿಯೇ ಒಂದು ಮುದ್ರಣಾಲಯದ ಮೊಳೆಕೋಣೆ ತೆರೆದುಕೊಳ್ಳುತ್ತದೆಂಬುದು ಹೊಸ ಸಂಗತಿ.

ಈ ಬದಲಾವಣೆಯ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. 1985ರಲ್ಲಿ ಪೇಜ್‌ಮೇಕರ್, 1990ರಲ್ಲಿ ಫೋಟೊಶಾಪ್ ಬಂದವು. ಪುಟವಿನ್ಯಾಸವು ಅಚ್ಚುಮನೆಯಿಂದ ಕಂಪ್ಯೂಟರಿಗೆ ವಲಸೆ ಬಂದದ್ದು ಆಗ. ಆದರೆ ಆ ತಂತ್ರಾಂಶಗಳನ್ನು ಕೊಳ್ಳಲು ಸಾಕಷ್ಟು ಹಣ ಬೇಕಿತ್ತು, ಕಲಿಯಲು ತಿಂಗಳುಗಳು ಬೇಕಿದ್ದವು. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ವಿದ್ಯಾರ್ಥಿನಿಯಾಗಿದ್ದಾಗ ಮೆಲನಿ ಪರ್ಕಿನ್ಸ್ ಎಂಬಾಕೆ ಸಹಪಾಠಿಗಳಿಗೆ ಇಂಥ ತಂತ್ರಾಂಶ ಹೇಳಿಕೊಡುತ್ತಿದ್ದರು. ಯಾವ ಗುಂಡಿ ಎಲ್ಲಿದೆ ಎಂದು ತಿಳಿಯುವುದರಲ್ಲಿಯೇ ಕಲಿಯುವವರ ಕಾಲವೆಲ್ಲ ಕಳೆಯುತ್ತಿದ್ದುದನ್ನು ಕಂಡ ಆಕೆ ಮತ್ತು ಜೊತೆಗಾರ ಕ್ಲಿಫ್ ಒಬ್ರೆಕ್ಟ್, 2007ರಲ್ಲಿ ಶಾಲೆಗಳ ವಾರ್ಷಿಕ ಸಂಚಿಕೆಗಳನ್ನು ಅಂತರ್ಜಾಲದಲ್ಲಿಯೇ ವಿನ್ಯಾಸ ಮಾಡುವ ಸಣ್ಣ ಉದ್ಯಮ ಆರಂಭಿಸಿದರು. ಅದರ ಮುಂದುವರಿಕೆಯಾಗಿ, ಕ್ಯಾಮರಾನ್ ಆಡಮ್ಸ್ ಅವರೂ ಜೊತೆಗೂಡಿ ಕಟ್ಟಿದ ಕ್ಯಾನ್ವಾ 2013ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡಿತು. ಅಡೋಬಿ ಸಂಸ್ಥೆಯು ತನ್ನ ತಂತ್ರಾಂಶಗಳನ್ನು ಪೆಟ್ಟಿಗೆಯಲ್ಲಿಟ್ಟು ಮಾರುವುದನ್ನು ಬಿಟ್ಟು, ತಿಂಗಳ ಬಾಡಿಗೆಗೆ ಕೊಡುವ ಪದ್ಧತಿಯತ್ತ ಹೊರಳಿದ್ದೂ ಅದೇ 2013ರಲ್ಲಿ. ಒಂದೇ ವರ್ಷದಲ್ಲಿ ಈ ಎರಡೂ ನಡೆದದ್ದು ಕಾಕತಾಳೀಯವಿರಬಹುದು. ಆದರೆ ಅರ್ಥಶಾಸ್ತ್ರ ಓದಿದವನಿಗೆ ಅದು ಕಣ್ಣಿಗೆ ಬೀಳದೆ ಇರದು. ಈ ಬಾಡಿಗೆಯ ವಿಚಾರಕ್ಕೆ ಮುಂದೆ ಬರುತ್ತೇನೆ.

ಆರಂಭ ನಿಜಕ್ಕೂ ಸುಲಭ. ಇ-ಮೇಲ್ ವಿಳಾಸ ಕೊಟ್ಟು ಖಾತೆ ತೆರೆಯಬೇಕು, ಹಾಳೆಯ ಅಳತೆ ಆರಿಸಬೇಕು. ಗೋಡೆಗೆ ಅಂಟಿಸುವುದಾದರೆ 210 ಮಿ.ಮೀ. ಅಗಲ, 297 ಮಿ.ಮೀ. ಎತ್ತರದ ಎ4, ಮೊಬೈಲಿಗೆ ಕಳಿಸುವುದಾದರೆ ಚೌಕಾಕಾರದ 1080 ಪಿಕ್ಸೆಲ್. ಎಡಗಡೆಯಲ್ಲಿ ಚಿತ್ರ, ಅಕ್ಷರ, ಆಕೃತಿಗಳ ಉಗ್ರಾಣ, ನಡುವೆ ಹಾಳೆ. ಬೇಕಾದುದನ್ನು ಎಳೆದು ತಂದು ಹಾಳೆಯ ಮೇಲೆ ಬಿಟ್ಟರಾಯಿತು. ಬರೆದದ್ದೆಲ್ಲ ತನ್ನಷ್ಟಕ್ಕೆ ಉಳಿಯುತ್ತದೆ, ತಪ್ಪಾದರೆ ಹಿಂದಕ್ಕೆ ಹೋಗಬಹುದು. ಕಚೇರಿಯಲ್ಲಿ ಒಮ್ಮೆ ಸಹಿ ಬಿದ್ದ ಮೇಲೆ ಹಿಂದಕ್ಕೆ ಹೋಗುವ ಭಾಗ್ಯ ನನಗೆ ಎಂದೂ ಇರಲಿಲ್ಲ.

ಈ ಸುಲಭದಲ್ಲಿಯೇ ಮೊದಲ ಗುಂಡಿ ತೋಡಿತ್ತು. ಅಲ್ಲಿ ಸಿದ್ಧ ಮಾದರಿಗಳಿವೆ. ನಾನು ‘ನೀರು’ ಎಂಬರ್ಥದ ಇಂಗ್ಲಿಷ್ ಪದ ಕೊಟ್ಟು ಹುಡುಕಿ, ಸಮುದ್ರನೀಲಿಯ ಹಿನ್ನೆಲೆಯ, ಬೃಹತ್ ಹನಿಯೊಂದು ತೊಟ್ಟಿಕ್ಕುತ್ತಿರುವ ಮಾದರಿಯನ್ನು ಆರಿಸಿದೆ. ಮಾದರಿಯ ಇಂಗ್ಲಿಷ್ ವಾಕ್ಯಗಳನ್ನು ತೆಗೆದು ನನ್ನ ಕನ್ನಡವನ್ನು ತುಂಬಿದೆ. ಹಿಡಿಸದ ಅಕ್ಷರಗಳನ್ನು ಚಿಕ್ಕದಾಗಿಸುತ್ತ ಹೋದೆ. ಮುಗಿದಾಗ ನೋಡಿದರೆ ಹಾಳೆಯಲ್ಲಿ ಎದ್ದು ಕಾಣುತ್ತಿದ್ದುದು ಹನಿ. ನೀರು ಬಿಡುವ ಹೊತ್ತು, ಕಾರು ತೊಳೆಯಬಾರದೆಂಬ ಮಾತು, ದಂಡದ ಮೊತ್ತ ಮೂರೂ ಕೆಳಗೆ ಸಾಸಿವೆಯಂತೆ ಮುದುಡಿ ಕುಳಿತಿದ್ದವು. ಆ ಮಾದರಿಯನ್ನು ರಚಿಸಿದವರು ಯಾವುದೋ ಊರಿನಲ್ಲಿ, ನಾಲ್ಕು ಪದದ ಒಂದು ಘೋಷಣೆಗಾಗಿ ಅದನ್ನು ರಚಿಸಿದ್ದರು. ಅದರ ಜಾಗದ ಹಂಚಿಕೆಯೆಲ್ಲ ಆ ನಾಲ್ಕು ಪದಗಳ ಲೆಕ್ಕದ್ದು. ಬೇರೆಯವರ ಅಳತೆಗೆ ಹೊಲಿದ ಅಂಗಿಯೊಳಗೆ ನಮ್ಮ ಮೈ ತೂರಿಸಿದರೆ ಆಗುವುದೇ ಅಲ್ಲಿಯೂ ಆಯಿತು.

ಎರಡನೆಯ ತೊಡಕು ಶುದ್ಧ ಕನ್ನಡದ್ದು. ಸಂಘದ ಕಚೇರಿಯ ಕಂಪ್ಯೂಟರಿನಲ್ಲಿ ಹಿಂದಿನ ಕೆಲವು ಕನ್ನಡ ಪ್ರಕಟಣೆಗಳು ಹಳೆಯ ನುಡಿ ತಂತ್ರಾಂಶದಲ್ಲಿದ್ದವು. ಅವುಗಳಿಂದ ಒಂದು ಪ್ಯಾರಾ ತೆಗೆದು ಅಂಟಿಸಿದೆ. ಹಾಳೆಯ ತುಂಬ ಇಂಗ್ಲಿಷ್ ಅಕ್ಷರಗಳು, ತಲೆಯ ಮೇಲೆ ಗೆರೆ ಹೊತ್ತ ‘ಎ’ಗಳು, ಬ್ರಿಟಿಷ್ ಪೌಂಡಿನ ಚಿಹ್ನೆಗಳು! ‘ಕನ್ನಡ’ ಎಂಬ ಪದವೇ ಪೌಂಡಿನ ಚಿಹ್ನೆಯಿಲ್ಲದೆ ಮೂಡಲೊಲ್ಲದು. ಇದಕ್ಕೆ ಕಾರಣ ತಂತ್ರಜ್ಞರಿಗೆ ಹೊಸದಲ್ಲ, ಸಾಮಾನ್ಯ ಓದುಗರಿಗೆ ತಿಳಿದಿರಬೇಕಾದದ್ದು. ಹಿಂದಿನ ಕನ್ನಡ ತಂತ್ರಾಂಶಗಳು ಇಂಗ್ಲಿಷಿಗೆ ಮತ್ತು ಯುರೋಪಿನ ಭಾಷೆಗಳಿಗೆ ಮೀಸಲಾದ ಸಂಕೇತಸಂಖ್ಯೆಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಕಂಪ್ಯೂಟರಿನ ಪಾಲಿಗೆ ಅದು ಇಂಗ್ಲಿಷೇ. ಕನ್ನಡದ ಮುಖವಾಡ ಹಾಕುವ ಫಾಂಟ್ ಜೊತೆಗಿರುವವರೆಗೆ ಮಾತ್ರ ಕನ್ನಡ. ಯೂನಿಕೋಡ್ ಶಿಷ್ಟತೆಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಅದರದೇ ಸ್ಥಾನವಿದೆ. ಆದರೂ ನಮ್ಮ ಕಚೇರಿಗಳಲ್ಲಿ, ಮುದ್ರಣಾಲಯಗಳಲ್ಲಿ ಹಳೆಯ ಪದ್ಧತಿ ದಶಕಗಟ್ಟಲೆ ಮುಂದುವರಿಯಿತು. ಪಾಲ್ ಡೇವಿಡ್ ಎಂಬ ಅರ್ಥಶಾಸ್ತ್ರಜ್ಞರು 1985ರಲ್ಲಿ ಬೆರಳಚ್ಚು ಯಂತ್ರದ ಕೀಲಿಮಣೆಯನ್ನು ಉದಾಹರಣೆಯಾಗಿಟ್ಟು, ಒಮ್ಮೆ ಹಿಡಿದ ಹಾದಿಯನ್ನು ಅದಕ್ಕಿಂತ ಉತ್ತಮ ಹಾದಿ ಎದುರಿಗಿದ್ದರೂ ಸಮಾಜ ಏಕೆ ಬಿಡುವುದಿಲ್ಲವೆಂದು ಬರೆದರು. ಅವರಿಗೆ ನಮ್ಮ ತಾಲ್ಲೂಕು ಕಚೇರಿಯ ಕಂಪ್ಯೂಟರ್ ಕೋಣೆಯ ಪರಿಚಯವಿದ್ದಿದ್ದರೆ ಉದಾಹರಣೆಗೆ ಅಷ್ಟು ದೂರ ಹೋಗಬೇಕಿರಲಿಲ್ಲ.

ಪರಿಹಾರ ಸರಳ. ಹಳೆಯ ಬರಹವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿ ದೊರೆಯುತ್ತವೆ. ಈಚಿನ ನುಡಿಯಲ್ಲಿಯೂ ಯೂನಿಕೋಡಿನಲ್ಲಿ ಬರೆಯಬಹುದು. ಮೊಬೈಲಿನಲ್ಲಿ ಕನ್ನಡ ಬರೆಯಬಲ್ಲವರೆಲ್ಲ ತಮಗರಿವಿಲ್ಲದೆಯೇ ಯೂನಿಕೋಡಿನಲ್ಲಿ ಬರೆಯುತ್ತಿದ್ದಾರೆ. ಆದ್ದರಿಂದ ವಿನ್ಯಾಸದ ಹಾಳೆಯೊಳಗೆ ನೇರವಾಗಿ ಬರೆಯುವುದು, ಇಲ್ಲವೇ ಮೊಬೈಲಿನಲ್ಲಿ ಬರೆದು ಕಳಿಸಿಕೊಳ್ಳುವುದು ಆರಂಭಿಸುವವರಿಗೆ ಕ್ಷೇಮ.

ಮೂರನೆಯದು ಅಕ್ಷರರೂಪದ ಸಮಸ್ಯೆ. ಉಗ್ರಾಣದಲ್ಲಿ ನೂರಾರು ಫಾಂಟ್‌ಗಳ ಪಟ್ಟಿಯಿದೆ. ನಾನು ಅಂದವಾದ ಹೆಸರಿನದೊಂದನ್ನು ಒತ್ತಿದೆ, ಕನ್ನಡದ ಅಕ್ಷರಗಳು ಕದಲಲಿಲ್ಲ. ಆ ಫಾಂಟಿನಲ್ಲಿ ಕನ್ನಡವೇ ಇಲ್ಲದಿದ್ದಾಗ ತಂತ್ರಾಂಶವು ಸದ್ದಿಲ್ಲದೆ ಬೇರೆ ಯಾವುದೋ ಕನ್ನಡ ಫಾಂಟನ್ನು ತಂದಿಡುತ್ತದೆ ಎಂದು ಆಮೇಲೆ ತಿಳಿಯಿತು. ಕನ್ನಡಕ್ಕೆಂದೇ ರೂಪಿಸಿ, ಯಾರು ಬೇಕಾದರೂ ಬಳಸಲೆಂದು ಮುಕ್ತ ಪರವಾನಗಿಯಡಿ ಬಿಟ್ಟಿರುವ ಫಾಂಟ್‌ಗಳಿವೆ: ನೋಟೊ ಸಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡ, ಬಲೂ ತಮ್ಮ, ಅನೇಕ್ ಕನ್ನಡ, ತಿರೊ ಕನ್ನಡ, ಬೆಣ್ಣೆ, ಹುಬ್ಬಳ್ಳಿ. ಬೆಣ್ಣೆ, ಹುಬ್ಬಳ್ಳಿ ಎಂಬ ಹೆಸರುಗಳನ್ನು ಕಂಡು ನನಗೆ ಊಟದ ಹೊತ್ತಿನ ನೆನಪಾಯಿತೆಂಬುದು ಬೇರೆ ಮಾತು. ತಲೆಬರಹಕ್ಕೆ ದುಂಡು ದಪ್ಪದ ಬಲೂ ತಮ್ಮ, ಒಡಲಿಗೆ ನೋಟೊ ಸಾನ್ಸ್ ಎಂದು ನಾನು ಗೊತ್ತುಮಾಡಿಕೊಂಡಿದ್ದೇನೆ. ಎರಡಕ್ಕಿಂತ ಹೆಚ್ಚು ಬಗೆಯ ಅಕ್ಷರ ಒಂದು ಹಾಳೆಯಲ್ಲಿ ಬೇಡ. ಮೂರನೆಯದು ಬಂದೊಡನೆ ಅದು ಜಾತ್ರೆಯ ಕರಪತ್ರವಾಗುತ್ತದೆ.

ಕನ್ನಡದ ಅಕ್ಷರ ಇಂಗ್ಲಿಷಿನಂತೆ ಒಂದರ ಪಕ್ಕ ಒಂದು ನಿಂತು ಸುಮ್ಮನಿರುವುದಿಲ್ಲ. ಒತ್ತಕ್ಷರ ಕೆಳಗಿಳಿಯುತ್ತದೆ, ಗುಡಿಸು ಮೇಲೇರುತ್ತದೆ. ‘ರಾಷ್ಟ್ರ’ ಎಂದು ಬರೆದರೆ ಷಕಾರದ ಕೆಳಗೆ ಎರಡು ಒತ್ತುಗಳಿಗೆ ಜಾಗ ಬೇಕು. ಇಂಗ್ಲಿಷಿಗಾಗಿ ಗೊತ್ತುಮಾಡಿದ ಸಾಲಿನ ಅಂತರದಲ್ಲಿ ಮೇಲಿನ ಸಾಲಿನ ಒತ್ತುಗಳು ಕೆಳಗಿನ ಸಾಲಿನ ತಲೆಗೆ ಬಡಿಯುತ್ತವೆ. ಸಾಲಿನ ಅಂತರವನ್ನು ಕೈಯಾರೆ ಹೆಚ್ಚಿಸಬೇಕು. ಅಕ್ಷರಗಳ ನಡುವಿನ ಅಂತರ ಹಿಗ್ಗಿಸುವ ಗುಂಡಿಯಂತೂ ಕನ್ನಡಕ್ಕೆ ಆಗಿಬರದು, ಅದನ್ನು ಮುಟ್ಟದಿರುವುದೇ ಲೇಸು. ‘ರ‍್ಯಾಂಕ್’ ಎಂದು ಬರೆಯಹೊರಟರೆ ಅದು ‘ರ್ಯಾಂಕ್’ ಆಗಿ, ರಕಾರವು ಅರ್ಕಾವತ್ತಾಗಿ ಹಾರಿ ಕೂರುತ್ತದೆ. ಅದನ್ನು ತಡೆಯಲು ರಕಾರದ ನಂತರ ಕಣ್ಣಿಗೆ ಕಾಣದ ಜೋಡಕವೊಂದನ್ನು ಸೇರಿಸಬೇಕು. ಇವೆಲ್ಲ ಕ್ಷುಲ್ಲಕವೆಂದು ತೋರಬಹುದು. ಆದರೆ ಅಕ್ಷರಗಳು ಒಂದಕ್ಕೊಂದು ಬಡಿದುಕೊಂಡಿರುವ ನೋಟಿಸನ್ನು ಕಷ್ಟಪಟ್ಟು ಅಕ್ಷರ ಕೂಡಿಸಿ ಓದುವವನು ಎರಡನೆಯ ಸಾಲಿನಲ್ಲಿಯೇ ಕೈಬಿಡುತ್ತಾನೆ. ನಾವು ಪತ್ರಿಕೆ ಓದುವ ಜನ ಇದನ್ನು ಊಹಿಸಿಕೊಳ್ಳುವುದಿಲ್ಲ. ಅವನಂಥವರಿಗಾಗಿಯೇ ಅಲ್ಲವೆ ನೋಟಿಸು ಗೋಡೆಗೇರುವುದು?

ಈಗ ನಾನು ಹೇಳಲೇಬೇಕಾದ, ಇಪ್ಪತ್ತು ವರ್ಷ ಹೇಳದೆ ಉಳಿಸಿಕೊಂಡಿದ್ದ ಒಂದು ಸಂಗತಿಗೆ ಬರುತ್ತೇನೆ. 2003ರಲ್ಲಿ ರಾಜ್ಯ ಬರದಿಂದ ತತ್ತರಿಸಿದ್ದ ಹೊತ್ತಿನಲ್ಲಿ ನಾನು ಉತ್ತರದ ಒಂದು ಜಿಲ್ಲೆಯಲ್ಲಿ ಉಪವಿಭಾಗಾಧಿಕಾರಿಯಾಗಿದ್ದೆ. ಆಗ ರಾಷ್ಟ್ರೀಯ ಕೃಷಿ ವಿಮಾ ಯೋಜನೆ ಜಾರಿಯಲ್ಲಿತ್ತು. ಸಾಲ ಪಡೆಯದ ರೈತರು ತಾವಾಗಿಯೇ ಬ್ಯಾಂಕಿಗೆ ಹೋಗಿ ನಿಗದಿತ ದಿನದೊಳಗೆ ವಿಮಾ ಕಂತು ಕಟ್ಟಬೇಕಿತ್ತು. ಪ್ರಚಾರಕ್ಕಾಗಿ ನಮ್ಮ ಕಡೆಯಿಂದ ಒಂದು ಪ್ರಕಟಣೆ ಹೊರಟಿತು. ಸಹಿ ನನ್ನದು. ಅದು ಹೀಗಿತ್ತು: ಮೇಲೆ ವಿಷಯ, ಅದರ ಕೆಳಗೆ ಮೂರು ಉಲ್ಲೇಖಗಳು, ಆಮೇಲೆ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಆರಂಭವಾಗಿ ‘ಸದರಿ’, ‘ತತ್ಸಂಬಂಧ’, ‘ಸೂಕ್ತ ಕ್ರಮ ಕೈಗೊಳ್ಳತಕ್ಕದ್ದು’ಗಳ ಮೂಲಕ ಹಾಯ್ದು ಒಂಬತ್ತು ಸಾಲಿನಾಚೆ ಪೂರ್ಣವಿರಾಮ ಕಾಣುವ ಒಂದು ವಾಕ್ಯ. ಕೊನೆಯ ದಿನಾಂಕ ಆರನೆಯ ಸಾಲಿನಲ್ಲಿತ್ತು, ಎರಡು ಸುತ್ತೋಲೆಗಳ ದಿನಾಂಕಗಳ ನಡುವೆ. ಮೂರರಲ್ಲಿ ತನಗೆ ಬೇಕಾದ ತಾರೀಖು ಯಾವುದೆಂದು ಓದುವವರೇ ಪತ್ತೆಹಚ್ಚಿಕೊಳ್ಳಬೇಕಿತ್ತು.

ಗಡುವು ಮುಗಿದ ಮೂರನೆಯ ದಿನ ಗಂಡನನ್ನು ಕಳೆದುಕೊಂಡ ನಡುವಯಸ್ಸಿನ ಹೆಣ್ಣುಮಗಳೊಬ್ಬಳು ನನ್ನ ಕಚೇರಿಗೆ ಬಂದಳು. ಸೆರಗಿನಲ್ಲಿ ಕಂತಿನ ಹಣ ಗಂಟು ಕಟ್ಟಿತ್ತು, ಕೈಯಲ್ಲಿ ಪಂಚಾಯಿತಿಯ ಗೋಡೆಯಿಂದ ಕಿತ್ತು ತಂದ ನನ್ನ ಪ್ರಕಟಣೆ. ‘ಸಾಲಿ ಹುಡುಗನ ಕೈಲಿ ಎರಡ್ ಸಲ ಓದಿಸೀನ್ರಿ. ಇದರಾಗ ತಾರೀಖು ಎಲ್ಲೈತಿ, ನೀವಾ ತೋರಸ್ರಿ’ ಎಂದಳು. ನಾನು ಕನ್ನಡಕ ಹಾಕಿಕೊಂಡು ಹುಡುಕಿ ತೋರಿಸಿದೆ. ಹುಡುಕಲು ನನಗೂ ಒಂದಷ್ಟು ಹೊತ್ತು ಹಿಡಿಯಿತು. ಅವಳು ಜಗಳವಾಡಲಿಲ್ಲ. ಗಡುವನ್ನು ವಿಸ್ತರಿಸುವ ಅಧಿಕಾರ ನನಗಿರಲಿಲ್ಲ. ಆ ಮುಂಗಾರಿನಲ್ಲಿ ಅವಳ ಹೊಲದ ಪಾಡು ಏನಾಯಿತೆಂದು ವಿಚಾರಿಸುವ ಧೈರ್ಯವೂ ನನಗಾಗಲಿಲ್ಲ.

ಅಂದು ನನ್ನ ಬಳಿ ಸಮರ್ಥನೆಗಳಿದ್ದವು. ಪ್ರಕಟಣೆಯ ನಮೂನೆ ಮೇಲಿನಿಂದ ಬಂದದ್ದು, ದೊಡ್ಡ ಅಕ್ಷರದಲ್ಲಿ ಬೇರೆಯಾಗಿ ಅಚ್ಚು ಹಾಕಿಸಲು ಅನುದಾನವಿಲ್ಲ, ಮುದ್ರಣಾಲಯ ಇರುವುದು ಜಿಲ್ಲಾ ಕೇಂದ್ರದಲ್ಲಿ, ಕಂಪ್ಯೂಟರ್ ಬಲ್ಲ ಗುಮಾಸ್ತ ಒಬ್ಬನೇ. ಇವುಗಳಲ್ಲಿ ಮೊದಲನೆಯದನ್ನು ಬಿಟ್ಟರೆ ಉಳಿದವೆಲ್ಲ ವೆಚ್ಚದ ಮಾತುಗಳು. ಬ್ರೌಸರಿನಲ್ಲಿ ತೆರೆದುಕೊಂಡ ಹಾಳೆ ಅವುಗಳನ್ನೆಲ್ಲ ಒಂದೇ ಏಟಿಗೆ ಕಿತ್ತುಹಾಕಿದೆ. ಒಂದು ನೋಟಿಸನ್ನು ಓದುವಂತೆ ರೂಪಿಸುವ ವೆಚ್ಚ ಈಗ ಹೆಚ್ಚುಕಡಿಮೆ ಸೊನ್ನೆ. ಬೇಕಾದದ್ದು ಅರ್ಧ ಗಂಟೆಯ ಗಮನ. ಹಾಗಿದ್ದೂ ಇಂದಿನ ಅನೇಕ ಸರ್ಕಾರಿ ಪ್ರಕಟಣೆಗಳು ನನ್ನ 2003ರ ಪ್ರಕಟಣೆಯ ಒಡಹುಟ್ಟುಗಳಂತೆಯೇ ಇವೆ. ಇಲ್ಲವೇ ಇನ್ನೊಂದು ತುದಿಗೆ ಹೋಗಿ, ಮುಕ್ಕಾಲು ಭಾಗ ಗಣ್ಯರ ಭಾವಚಿತ್ರ, ಕಾಲು ಭಾಗದಲ್ಲಿ ಯೋಜನೆಯ ಹೆಸರು, ಅರ್ಜಿಯ ಕೊನೆಯ ದಿನ ಎಲ್ಲಿಯೋ ಮೂಲೆಯಲ್ಲಿ. ನನ್ನ ನೀರಿನ ಹನಿ ಮಾಡಿದ ಕೆಲಸವನ್ನೇ ಇಲ್ಲಿ ಭಾವಚಿತ್ರಗಳು ಮಾಡುತ್ತಿವೆ.

ಮಾಹಿತಿ ಹಕ್ಕು ಎಂದರೆ ಅರ್ಜಿ ಹಾಕಿ ಕಡತದ ನಕಲು ಪಡೆಯುವುದು ಎಂದೇ ನಾವು ತಿಳಿದಿದ್ದೇವೆ. 2005ರ ಆ ಕಾಯ್ದೆಯ 4ನೆಯ ಕಲಮನ್ನು ಓದಿದವರು ಕಡಿಮೆ. ಸಾರ್ವಜನಿಕ ಪ್ರಾಧಿಕಾರಗಳು ಯಾರೂ ಕೇಳುವ ಮೊದಲೇ ಮಾಹಿತಿಯನ್ನು ಜನರಿಗೆ ಸುಲಭವಾಗಿ ನಿಲುಕುವ ರೂಪದಲ್ಲಿ ಹರಡಬೇಕು, ಹಾಗೆ ಹರಡುವಾಗ ವೆಚ್ಚ, ಸ್ಥಳೀಯ ಭಾಷೆ, ಆ ಪ್ರದೇಶದಲ್ಲಿ ಅತ್ಯಂತ ಪರಿಣಾಮಕಾರಿಯಾದ ವಿಧಾನ ಇವುಗಳನ್ನು ಗಮನದಲ್ಲಿಡಬೇಕು ಎಂದು ಅದು ಹೇಳುತ್ತದೆ. ಸೂಚನಾ ಫಲಕವೂ ಅದರ ವ್ಯಾಪ್ತಿಯಲ್ಲಿದೆ. ಅಂದರೆ ತಾರೀಖು ಕಾಣದ ನೋಟಿಸು ಕೇವಲ ಅಂದಗೇಡಿಯಲ್ಲ, ಕಾಯ್ದೆಯ ಆಶಯಕ್ಕೇ ವಿರುದ್ಧವಾದದ್ದು. ನಾನು ಸೇವೆಯಲ್ಲಿದ್ದಾಗ ಈ ಕಲಮನ್ನು ತರಬೇತಿ ಶಿಬಿರಗಳಲ್ಲಿ ಬೋಧಿಸಿದ್ದೇನೆ. ಅದನ್ನು ನನ್ನ ಸಹಿಯಿರುವ ಹಾಳೆಗಳಿಗೆ ಅನ್ವಯಿಸಿ ನೋಡಿದ್ದು ಮಾತ್ರ ಕಾರು ತೊಳೆಯುವ ಹುಡುಗ ಪ್ರಶ್ನೆ ಕೇಳಿದ ಮೇಲೆ.

ರಾಜ್ಯದಲ್ಲಿ ಸುಮಾರು 6 ಸಾವಿರ ಗ್ರಾಮ ಪಂಚಾಯಿತಿಗಳಿವೆ. ಅವುಗಳು ವರ್ಷವಿಡೀ ಹೊರಡಿಸುವ ಸೂಚನೆಗಳ ಬಗೆ ಹದಿನೈದಿಪ್ಪತ್ತನ್ನು ಮೀರಲಾರದು: ಗ್ರಾಮಸಭೆ, ಉದ್ಯೋಗ ಖಾತರಿ ಕೆಲಸ, ಲಸಿಕೆ, ತೆರಿಗೆ, ವಿಮೆಯ ಗಡುವು, ನೀರು ಬಿಡುವ ಹೊತ್ತು. ಇಷ್ಟಕ್ಕೆ ಒಳ್ಳೆಯ ಕನ್ನಡ ಮಾದರಿಗಳನ್ನು, ಮುಕ್ತ ಫಾಂಟಿನಲ್ಲಿ, ತಾರೀಖಿಗೆ ಹಾಳೆಯ ಅತಿ ದೊಡ್ಡ ಜಾಗ ಕೊಟ್ಟು ಒಮ್ಮೆ ರೂಪಿಸಿ ಎಲ್ಲರಿಗೂ ಬಿಟ್ಟುಕೊಡಲು ದೊಡ್ಡ ಯೋಜನೆಯಾಗಲಿ, ಸಲಹಾ ಸಂಸ್ಥೆಯಾಗಲಿ ಬೇಕಿಲ್ಲ. ನಮ್ಮ ಚಿತ್ರಕಲಾ ವಿದ್ಯಾರ್ಥಿಗಳು ಒಂದು ಬೇಸಿಗೆ ರಜೆಯಲ್ಲಿ ಮಾಡಿಕೊಟ್ಟಾರು. ಆ ಕೆಲಸಕ್ಕೆ ಟೆಂಡರ್ ಕರೆಯದಿದ್ದರೆ ಸಾಕು.

ಇನ್ನು ಬಾಡಿಗೆಯ ಮಾತು. ಈ ಉಚಿತ ನಿಜವಾಗಿ ಉಚಿತವೆ? ಹಾಳೆ ಉಚಿತ, ಆದರೆ ಉಗ್ರಾಣದ ಅಂದದ ಚಿತ್ರಗಳ ಮೇಲೆ ಸಣ್ಣ ಕಿರೀಟದ ಗುರುತು ಇರುತ್ತದೆ. ಅವು ಚಂದಾದಾರರಿಗೆ. ಹಿನ್ನೆಲೆಯಿಲ್ಲದ ಚಿತ್ರವಾಗಿ ಇಳಿಸಿಕೊಳ್ಳುವುದಕ್ಕೂ ಚಂದಾ ಬೇಕು. ಶಾಲಾ ಶಿಕ್ಷಕರಿಗೆ, ನೋಂದಾಯಿತ ಸೇವಾ ಸಂಸ್ಥೆಗಳಿಗೆ ಕ್ಯಾನ್ವಾ ಹೆಚ್ಚಿನ ಸೌಲಭ್ಯಗಳನ್ನು ಹಣವಿಲ್ಲದೆ ಕೊಡುತ್ತದೆ ಎಂಬುದನ್ನೂ ಹೇಳಬೇಕು. ಒಂದೇ ಸರಕನ್ನು ಬೇರೆ ಬೇರೆಯವರಿಗೆ ಅವರವರ ಶಕ್ತಿಗೆ ತಕ್ಕ ಬೆಲೆಗೆ ಮಾರುವ ಈ ತಂತ್ರ ಅರ್ಥಶಾಸ್ತ್ರದ ಪಠ್ಯದಲ್ಲಿ ಹಳೆಯದು. ಅದರಲ್ಲಿ ನನಗೆ ತಕರಾರಿಲ್ಲ. ತಕರಾರಿರುವುದು ಇನ್ನೊಂದಕ್ಕೆ. ನಾನು ರಚಿಸಿದ ಹಾಳೆ ನನ್ನ ಮನೆಯಲ್ಲಿಲ್ಲ, ದೂರದ ಯಾವುದೋ ಕಂಪ್ಯೂಟರಿನಲ್ಲಿದೆ. ನಿಯಮ ಬದಲಾದರೆ, ಖಾತೆ ಮುಚ್ಚಿದರೆ ಅದಕ್ಕೆ ನಾನು ಹೊರಗಿನವನು. ಒಂದು ಕಾಲಕ್ಕೆ ಅಂತರ್ಜಾಲದ ಚಲಿಸುವ ಚಿತ್ರಗಳಿಗೆಲ್ಲ ಆಧಾರವಾಗಿದ್ದ ಫ್ಲ್ಯಾಶ್ 2020ರ ಡಿಸೆಂಬರ್ 31ಕ್ಕೆ ಅಧಿಕೃತವಾಗಿ ಕಣ್ಮುಚ್ಚಿದಾಗ ಅದನ್ನೇ ನಂಬಿದ್ದ ಎಷ್ಟೋ ಕೆಲಸ ತೆರೆಯದ ಪೆಟ್ಟಿಗೆಯಾಯಿತು. ಹಾಗಾಗಿ ಮುಗಿದ ಪ್ರತಿಯೊಂದನ್ನೂ ಪಿಡಿಎಫ್ ಆಗಿ ಇಳಿಸಿ, ಒಕ್ಕಣೆಯನ್ನು ಬೇರೆ ಕಡತದಲ್ಲಿ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ. ಸ್ವಂತ ಯಂತ್ರದಲ್ಲಿ ಕೂರುವ, ಯಾರ ಚಂದಾಕ್ಕೂ ಒಳಪಡದ ಇಂಕ್‌ಸ್ಕೇಪ್‌ನಂಥ ಮುಕ್ತ ತಂತ್ರಾಂಶಗಳೂ ಇವೆ. ಕಲಿಯಲು ತಾಳ್ಮೆ ಹೆಚ್ಚು ಬೇಕು. ನಾನಿನ್ನೂ ಅದರ ಹೊಸ್ತಿಲಲ್ಲಿದ್ದೇನೆ. ಸರ್ಕಾರಿ ಮಾದರಿಗಳಾದರೂ ಅಂಥ ಮುಕ್ತ ರೂಪದಲ್ಲಿಯೂ ದೊರೆಯಬೇಕು. ಇಡೀ ರಾಜ್ಯದ ಸೂಚನಾ ಫಲಕವನ್ನು ಒಬ್ಬ ಮನೆಮಾಲೀಕನ ಮರ್ಜಿಗೆ ಬಿಡುವುದು ವಿವೇಕವಲ್ಲ.

ಪಿಡಿಎಫ್ ಎಂದು ಒತ್ತಿ ಹೇಳಲು ಬೇರೆ ಕಾರಣವೂ ಇದೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಟಾಗ ಅಚ್ಚಾದದ್ದು ಕಲ್ಲಚ್ಚಿನಲ್ಲಿ. ಅಂದರೆ ಬಿಡಿ ಮೊಳೆಗಳಿಂದ ಜೋಡಿಸಿದ ಅಕ್ಷರವಲ್ಲ, ಇಡೀ ಪುಟವೇ ಒಂದು ಚಿತ್ರ. ನೂರ ಎಂಬತ್ತು ವರ್ಷಗಳ ನಂತರ ನಾವು ವಾಟ್ಸ್‌ಆ್ಯಪಿನಲ್ಲಿ ಹಂಚುವ ಸುಂದರ ಪೋಸ್ಟರುಗಳೂ ಅದೇ ಬಗೆಯವು, ಅಕ್ಷರದಂತೆ ಕಾಣುವ ಚಿತ್ರಗಳು. ಅದರೊಳಗಿನ ಪದವನ್ನು ಹುಡುಕಲಾಗದು, ಬೇರೆ ಕಡೆ ನಕಲಿಸಲಾಗದು. ಎಲ್ಲಕ್ಕಿಂತ ಮುಖ್ಯವಾಗಿ, ತೆರೆಯ ಮೇಲಿನ ಬರಹವನ್ನು ದನಿಯಾಗಿಸಿ ಕೇಳುವ ದೃಷ್ಟಿಹೀನರ ಪಾಲಿಗೆ ಅದು ಬರಿಯ ಖಾಲಿ ಚೌಕವಾಗಿಬಿಡಬಹುದು. ಆದ್ದರಿಂದ ಚಿತ್ರದ ಜೊತೆಗೆ ಒಕ್ಕಣೆಯನ್ನು ಬರಹವಾಗಿಯೂ ಕಳಿಸಬೇಕು. ನಮ್ಮ ಸಮುಚ್ಚಯದ ಮೂರನೆಯ ಮಹಡಿಯ ನಿವೃತ್ತ ಅಧ್ಯಾಪಕರೊಬ್ಬರು ಫೋನು ಮಾಡಿ, ‘ನಿಮ್ಮ ನೋಟಿಸು ಬಹಳ ಚೆನ್ನಾಗಿದೆಯೆಂದು ಎಲ್ಲರೂ ಹೇಳುತ್ತಾರೆ, ಅದರಲ್ಲಿ ಏನಿದೆ?’ ಎಂದು ಕೇಳಿದ ಮೇಲೆ ನನಗೆ ಇದು ಹೊಳೆಯಿತು.

ಈ ಸಾಧನದ ಕೇಡನ್ನು ಮರೆಮಾಚಲಾರೆ. ಮಳೆಗಾಲದಲ್ಲಿ ಜಿಲ್ಲಾಧಿಕಾರಿಗಳ ಹೆಸರಿನಲ್ಲಿ ನಕಲಿ ರಜೆ ಆದೇಶ ಹರಿದಾಡುವುದು ಈಗ ಸಾಮಾನ್ಯ. ಲಾಂಛನ, ಸಹಿ, ಮುದ್ರೆ ಎಲ್ಲವನ್ನೂ ಹತ್ತು ನಿಮಿಷದಲ್ಲಿ ಕೂರಿಸುವ ಕಲೆ ಪ್ರೌಢಶಾಲೆಯ ಹುಡುಗರಿಗೂ ಸಿದ್ಧಿಸಿದೆ. ಅಚ್ಚಾದದ್ದೆಲ್ಲ ನಿಜ ಎಂಬ ನಮ್ಮ ತಲೆಮಾರಿನ ನಂಬಿಕೆಗೆ ಇನ್ನು ಆಧಾರವಿಲ್ಲ. ಡಿಟಿಪಿ ಅಂಗಡಿಗಳ ನಷ್ಟವೂ ಕಡಿಮೆಯದಲ್ಲ. ರೊನಾಲ್ಡ್ ಕೋಸ್ 1937ರಲ್ಲಿ ವಿವರಿಸಿದ ವಹಿವಾಟಿನ ವೆಚ್ಚದ ಲೆಕ್ಕದಲ್ಲಿ, ಎಲ್ಲರೂ ತಾವೇ ಮಾಡಿಕೊಳ್ಳುವುದು ಅಗ್ಗವಾದಾಗ ಮಧ್ಯದವರು ಮರೆಯಾಗುವುದು ಸಹಜವೆನ್ನಬಹುದು. ಆದರೆ ನಾನು ಬಲ್ಲ ಡಿಟಿಪಿಯವರೊಬ್ಬರು ‘ಹಾರ್ಧಿಕ’ವನ್ನು ‘ಹಾರ್ದಿಕ’ ಮಾಡದೆ ಯಾವ ಆಮಂತ್ರಣವನ್ನೂ ಹೊರಗೆ ಬಿಟ್ಟವರಲ್ಲ. ಅವರು ತೆಗೆದುಕೊಳ್ಳುತ್ತಿದ್ದ ಪುಟಕ್ಕಿಷ್ಟು ಎಂಬ ದರದಲ್ಲಿ ಆ ಕಾವಲುಗಾರಿಕೆಗೆ ಬೆಲೆ ಸೇರಿರಲಿಲ್ಲ. ಬ್ರೌಸರ್ ಆ ಕೆಲಸ ಮಾಡುವುದಿಲ್ಲ. ಹಾರ್ಧಿಕ ಸ್ವಾಗತಗಳು ಈಗ ಬಣ್ಣ ಬಣ್ಣದಲ್ಲಿ ರಾರಾಜಿಸುತ್ತಿವೆ.

ಕೃತಕ ಬುದ್ಧಿಮತ್ತೆಗೆ ಹೇಳಿದರೆ ಪೋಸ್ಟರನ್ನು ಅದೇ ಬರೆದುಕೊಡುತ್ತದೆ ಎಂದು ಯುವಮಿತ್ರರು ಸೂಚಿಸಿದರು. ಪ್ರಯತ್ನಿಸಿದೆ. ನನಗೆ ಸಿಕ್ಕ ಹಾಳೆಯಲ್ಲಿ ಕನ್ನಡದ ಕೊಂಬು, ದೀರ್ಘ, ತಲೆಕಟ್ಟು ಎಲ್ಲ ಇದ್ದವು, ಅಕ್ಷರವೊಂದೂ ಇರಲಿಲ್ಲ. ಈ ವಿದ್ಯೆ ದಿನದಿನಕ್ಕೆ ಸುಧಾರಿಸುತ್ತಿದೆ ಎನ್ನುತ್ತಾರೆ, ಸುಧಾರಿಸಲಿ. ತಾರೀಖು ಯಾವುದು, ಓದುವವರು ಯಾರು ಎಂಬೆರಡನ್ನು ಅದಕ್ಕೂ ಯಾರಾದರೂ ಹೇಳಲೇಬೇಕಲ್ಲ.

ನಮ್ಮ ನೋಟಿಸಿನ ಕಥೆ ಬಾಕಿಯಿದೆ. ಹನಿಯ ಮಾದರಿಯನ್ನು ಅಳಿಸಿ, ಬ್ರೌಸರ್ ಮುಚ್ಚಿ, ಹಳೆಯ ವಿದ್ಯುತ್ ಬಿಲ್ಲಿನ ಬೆನ್ನ ಮೇಲೆ ಪೆನ್ಸಿಲಿನಲ್ಲಿ ಬರೆದೆ. ಒಂದು: ಕಾರು, ಬೈಕು ನೀರಿನಿಂದ ತೊಳೆಯಬಾರದು, ಒದ್ದೆ ಬಟ್ಟೆಯಿಂದ ಒರೆಸಬಹುದು. ಎರಡು: ನೀರು ಬರುವುದು ಬೆಳಿಗ್ಗೆ 6ರಿಂದ 8, ಸಂಜೆ 6ರಿಂದ 8. ಮೂರು: ತೊಳೆದರೆ 5,000 ರೂಪಾಯಿ ದಂಡ. ಆಮೇಲೆ ಖಾಲಿ ಬಿಳಿ ಹಾಳೆ ತೆರೆದು ಇಷ್ಟನ್ನೇ ಇಟ್ಟೆ. ಅಂಕಿಗಳು ದೊಡ್ಡವು, ಕಪ್ಪು. ಬಣ್ಣ ಒಂದೇ, ದಂಡದ ಸಾಲಿಗೆ ಕೆಂಪು. ಅಚ್ಚು ಹಾಕಿಸಿ ಅಂಟಿಸುವ ಮೊದಲು ಆ ಹುಡುಗನನ್ನು ಕರೆದು ಓದಿಸಿದೆ. ಅಕ್ಷರ ಕೂಡಿಸಿ ನಿಧಾನವಾಗಿ ಓದಿದ. ಮೂರನೆಯ ಸಾಲಿಗೆ ನಿಂತ.

‘ದಂಡ ಯಾರಿಗೆ ಅಂತ ಬರದಿಲ್ಲಲ್ರಿ’ ಎಂದ.

ನಿಜ, ಬರೆದಿರಲಿಲ್ಲ. ಪದಾಧಿಕಾರಿಗಳ ಜೊತೆ ಒಂದು ಸಂಜೆಯೆಲ್ಲ ವಾದವಾಯಿತು. ಕೊನೆಗೆ ‘ದಂಡ ಕಟ್ಟಬೇಕಾದವರು ವಾಹನದ ಮಾಲೀಕರು’ ಎಂಬ ಸಾಲು ಸೇರಿತು, ಅದೂ ಕೆಂಪಿನಲ್ಲಿ. ನೋಟಿಸು ಲಿಫ್ಟಿನೊಳಗಲ್ಲದೆ ನೆಲಮಾಳಿಗೆಯ ನಲ್ಲಿಯ ಪಕ್ಕದಲ್ಲಿಯೂ, ಕೆಲಸದವರು ಚಪ್ಪಲಿ ಬಿಡುವ ಬಾಗಿಲಲ್ಲಿಯೂ ಅಂಟಿತು. ಆ ಬೇಸಿಗೆಯಲ್ಲಿ ದಂಡ ಯಾರಿಗೂ ಬೀಳಲಿಲ್ಲ. ಮಳೆ ಹಿಡಿದ ಮೇಲೆ ಯಾರೋ ಅದನ್ನು ಕಿತ್ತುಹಾಕಿದರು. ಸಂಘದ ವಾರ್ಷಿಕ ಸಭೆಯ ಆಹ್ವಾನ ಪತ್ರಿಕೆಯನ್ನೂ ನೀವೇ ಮಾಡಿಕೊಡಿ ಎಂದು ಈಗ ಕೇಳಿದ್ದಾರೆ. ಒಕ್ಕಣೆ ವಿದ್ಯುತ್ ಬಿಲ್ಲಿನ ಬೆನ್ನ ಮೇಲೆ ಸಿದ್ಧವಾಗಿದೆ. ಬ್ರೌಸರ್ ಇನ್ನೂ ತೆರೆದಿಲ್ಲ, ಸಭೆಯ ತಾರೀಖನ್ನು ಅವರು ಗೊತ್ತುಮಾಡಿಲ್ಲ.